ಬಾಲಮಂದಿರದ ಮಕ್ಕಳಿಗೆ ಚಿತ್ರ ಕಲಿಸಲು ಹೊರಟಿದ್ದೀರಾ? ಹೀಗೆ ಶುರುಮಾಡಿ

ಮಗುವಿನ ಹುಟ್ಟುಹಬ್ಬಕ್ಕೋ ಅಪ್ಪನ ತಿಥಿಗೋ ಅನಾಥಾಶ್ರಮಕ್ಕೆ ಹೋಗಿ ಒಂದು ಹೊತ್ತಿನ ಊಟ ಹಾಕಿಸಿ ಬರೋದು ನಮ್ಮಲ್ಲಿ ಹಳೇ ರೂಢಿ. ಈಗ ಅದರ ಜೊತೆ ಡ್ರಾಯಿಂಗ್ ಶಿಬಿರವೂ ಸೇರಿಕೊಂಡಿದೆ. ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಶನಿವಾರ ಬಸ್ಸಲ್ಲಿ ಬರುತ್ತಾರೆ, ಮಕ್ಕಳ ಕೈಗೆ ಬಣ್ಣ ಕೊಡುತ್ತಾರೆ, ಗೋಡೆಗೊಂದು ಚಿತ್ರ ಬರೆಸಿ ಫೋಟೊ ತೆಗೆದು ಸಂಜೆ ಹೊರಡುತ್ತಾರೆ. ಬಂದವರ ಮನಸ್ಸು ಒಳ್ಳೆಯದೇ. ಆದರೆ ಮುಂದಿನ ಶನಿವಾರ ಅದೇ ಮಕ್ಕಳು ಗೇಟಿನ ಹತ್ತಿರ ನಿಂತು 'ಆ ಅಕ್ಕ ಬರ್ತಾರಾ?' ಅಂತ ಕೇಳುತ್ತಾರಲ್ಲ, ಅದಕ್ಕೆ ಉತ್ತರ ಹೇಳಬೇಕಾದವರು ಅಲ್ಲಿನ ಆಯಾ.

ಹಲವು ವರ್ಷಗಳಿಂದ ಇಂಥ ಮಕ್ಕಳ ಜೊತೆ ಚಿತ್ರ, ಮಣ್ಣು, ಬಟ್ಟೆ, ಗೊಂಬೆ ಅಂತ ಕೂತು ಕೆಲಸ ಮಾಡುತ್ತಿದ್ದೇನೆ. ಕಲೆ ಈ ಮಕ್ಕಳಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಅದಕ್ಕೆ ಎರಡು ಷರತ್ತಿವೆ. ಮಗು ಇಲ್ಲಿಗೆ ಯಾಕೆ ಬಂತು ಅನ್ನೋದು ನಿಮಗೆ ಗೊತ್ತಿರಬೇಕು. ಮತ್ತೆ ನೀವು ವಾರ ವಾರ ತಪ್ಪದೆ ಬರಬೇಕು. ನಿಮಗೆ ಚೆನ್ನಾಗಿ ಚಿತ್ರ ಬರೆಯಲು ಬರುತ್ತದಾ ಇಲ್ಲವಾ ಅನ್ನೋದು ಆಮೇಲಿನ ಮಾತು.

1. ಮಕ್ಕಳು ಇಲ್ಲಿಗೆ ಯಾಕೆ ಬರುತ್ತಾರೆ ಅಂತ ತಿಳಿದುಕೊಳ್ಳಿ

ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಕ್ಕಳೇ ಅನಾಥಾಶ್ರಮದಲ್ಲಿ ತುಂಬಿರುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದೇಶದ ಇಂಥ ಸಂಸ್ಥೆಗಳ ಲೆಕ್ಕ ತೆಗೆಸಿ 2018ರಲ್ಲಿ ವರದಿ ಕೊಟ್ಟಿತು. 9,589 ಸಂಸ್ಥೆಗಳು, 3.7 ಲಕ್ಷಕ್ಕೂ ಜಾಸ್ತಿ ಮಕ್ಕಳು. ಅವರಲ್ಲಿ ಅಪ್ಪನೋ ಅಮ್ಮನೋ ಒಬ್ಬರು ಇರುವ ಮಕ್ಕಳ ಸಂಖ್ಯೆ ಪೂರ್ತಿ ಅನಾಥ ಮಕ್ಕಳ ಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚಿತ್ತು.

ಹಾಗಾದರೆ ಮನೆಯವರು ಇದ್ದೂ ಮಗು ಯಾಕೆ ಇಲ್ಲಿಗೆ ಬರುತ್ತೆ?

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೊರಟ ಸಂಸಾರ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂತು ಅಂದುಕೊಳ್ಳಿ. ತಗಡಿನ ಶೆಡ್ಡಲ್ಲಿ ವಾಸ. ಗಂಡ ಮೇಲಿಂದ ಬಿದ್ದು ತೀರಿಕೊಂಡ, ಇಲ್ಲಾ ಕುಡಿತಕ್ಕೆ ಬಿದ್ದು ಬಿಟ್ಟು ಹೋದ. ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರೋದು ಕತ್ತಲಾದ ಮೇಲೆ. ಹತ್ತು ವರ್ಷದ ಹುಡುಗಿಯನ್ನು ಆ ಶೆಡ್ಡಲ್ಲಿ ಒಂಟಿಯಾಗಿ ಬಿಡಲು ಅವಳಿಗೆ ಭಯ. ಅಷ್ಟು ಹೊತ್ತಿಗೆ ಯಾರೋ 'ಒಂದು ಆಶ್ರಮ ಇದೆ, ಊಟ ಕೊಡ್ತಾರೆ, ಸ್ಕೂಲಿಗೆ ಹಾಕ್ತಾರೆ' ಅನ್ನುತ್ತಾರೆ. ಅವಳು ಮಗುವನ್ನು ಬಿಟ್ಟುಬಿಟ್ಟಳು ಅನ್ನೋದು ನಮ್ಮ ಮಾತು. ಅವಳ ಲೆಕ್ಕದಲ್ಲಿ ಅವಳು ಮಗುವನ್ನು ಓದೋಕೆ ಕಳಿಸಿದ್ದಾಳೆ.

ಇನ್ನು ಕೆಲವು ಮಕ್ಕಳು ಅಮ್ಮ ತೀರಿಕೊಂಡು ಅಪ್ಪ ಇನ್ನೊಂದು ಮದುವೆಯಾದ ಮೇಲೆ ಬಂದವರು. ಮನೆಯಲ್ಲಿ ಹೊಡೆತ ತಾಳಲಾರದೆ ರೈಲು ಹತ್ತಿದವರು. ಗ್ಯಾರೇಜು, ಹೋಟೆಲ್ಲು, ಮನೆಗೆಲಸದಿಂದ ಬಿಡಿಸಿ ತಂದವರು. ಬಾಲ್ಯವಿವಾಹ ತಡೆದು ಕರೆತಂದ ಹುಡುಗಿಯರು. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ, ತಪ್ಪು ಮಾಡಿದವನು ಮನೆಯೊಳಗೇ ಇದ್ದಾನೆ ಅನ್ನೋ ಕಾರಣಕ್ಕೆ ಮನೆ ಬಿಡಬೇಕಾದವರು. ಅಪ್ಪ ಅಮ್ಮ ಜೈಲಿನಲ್ಲಿರುವವರು, ಆಸ್ಪತ್ರೆಯಲ್ಲಿರುವವರು. ಕೋವಿಡ್‌ನಲ್ಲಿ ಇಬ್ಬರನ್ನೂ ಕಳೆದುಕೊಂಡವರೂ ಇದ್ದಾರೆ. ಬೆಂಗಳೂರಿನ ಸಂಸ್ಥೆಗಳಲ್ಲಿ ಒಡಿಶಾ, ಜಾರ್ಖಂಡ್, ಬಿಹಾರದ ಮಕ್ಕಳೂ ಸಿಗುತ್ತಾರೆ, ಕನ್ನಡ ಒಂದಕ್ಷರ ಬರಲ್ಲ, ಸುತ್ತಲಿನವರ ಮಾತು ಅವರಿಗೆ ಬರೀ ಗದ್ದಲ.

ಈ ಮಕ್ಕಳ ವಿಷಯ ನೋಡಿಕೊಳ್ಳೋಕೆ 2015ರ ಬಾಲನ್ಯಾಯ ಕಾಯ್ದೆ ಇದೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕು ಅಂತ ಹೇಳೋದು ಆ ಸಮಿತಿ. ಸಂಸ್ಥೆಗೆ ಸೇರಿಸೋದು ಕೊನೆಯ ದಾರಿ, ಅದಕ್ಕೂ ಮೊದಲು ಮನೆ, ಸಂಬಂಧಿಕರು, ಪೋಷಕ ಕುಟುಂಬ (ಬೇರೆಯವರ ಮಗುವನ್ನು ತಮ್ಮ ಮನೆಯಲ್ಲಿಟ್ಟು ಸಾಕುವವರು) ಎಲ್ಲ ನೋಡಬೇಕು ಅಂತ ಕಾಯ್ದೆಯೇ ಹೇಳುತ್ತದೆ.

ಇದು ಬರೀ ಕಾನೂನಿನ ಮಾತಲ್ಲ. ರೊಮೇನಿಯಾ ದೇಶದಲ್ಲಿ 1966ರಲ್ಲಿ ಗರ್ಭಪಾತ ನಿಷೇಧಿಸಿದರು, ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿ ತುಂಬಿದರು, 1989ರಲ್ಲಿ ಸರ್ಕಾರ ಬಿದ್ದಾಗ ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಮಕ್ಕಳಿದ್ದರು. 2000ದಲ್ಲಿ ಸಂಶೋಧಕರು ಬುಕಾರೆಸ್ಟ್ ನಗರದ ಅಂಥ 136 ಎಳೆ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಮನೆ ಸಿಕ್ಕ ಮಕ್ಕಳ ಬುದ್ಧಿಯ ಬೆಳವಣಿಗೆ, ಇನ್ನೊಬ್ಬರನ್ನು ಹಚ್ಚಿಕೊಳ್ಳುವ ಶಕ್ತಿ ಎರಡೂ ಚೆನ್ನಾಗಿದ್ದವು. ಎರಡು ವರ್ಷ ತುಂಬುವ ಮುಂಚೆ ಮನೆ ಸೇರಿದವರದ್ದು ಇನ್ನೂ ಚೆನ್ನಾಗಿತ್ತು. ಆ ಸಂಸ್ಥೆಗಳಲ್ಲೂ ಮಕ್ಕಳಿಗೆ ಊಟ, ಹಾಸಿಗೆ ಇತ್ತು. ಅದೇ ಮುಖ ದಿನಾ ಬಂದು ಎತ್ತಿಕೊಳ್ಳೋದು ಇರಲಿಲ್ಲ.

2. ನಿಮ್ಮ ಬೀದಿಯ ಮಗು ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳಿ

ಬಣ್ಣದ ಡಬ್ಬಿ ಕೊಳ್ಳುವ ಮೊದಲು ಇದನ್ನು ಓದಿ. ನಿಮ್ಮ ಮನೆಗೆಲಸಕ್ಕೆ ಬರುವ ಅಕ್ಕನೋ, ಪಕ್ಕದ ಸೈಟಿನ ವಾಚ್‌ಮನ್ ಹೆಂಡತಿಯೋ 'ಮಗುವನ್ನ ಆಶ್ರಮಕ್ಕೆ ಸೇರಿಸ್ತೀನಿ' ಅಂದರೆ ಸುಮ್ನೆ ತಲೆ ಆಡಿಸಬೇಡಿ.

ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ತಂದಿರುವ ಮಿಷನ್ ವಾತ್ಸಲ್ಯದ ಕೆಳಗೆ ಪ್ರಾಯೋಜಕತ್ವ ಅಂತ ಒಂದು ಯೋಜನೆ ಇದೆ. ವಿಧವೆಯರು, ಗಂಡ ಬಿಟ್ಟವರು, ದೊಡ್ಡ ಕಾಯಿಲೆಗೆ ಬಿದ್ದವರು ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಸಾಕಲಿ ಅಂತ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಿರಬಾರದು. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆ ಅಮ್ಮನ ಜೊತೆ ಒಂದು ದಿನ ರಜೆ ಹಾಕಿ ನೀವೇ ಹೋಗಿ, ಆಧಾರ್, ಆದಾಯ ಪತ್ರ, ಗಂಡನ ಮರಣ ಪತ್ರ, ಶಾಲೆಯ ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ ಎಲ್ಲ ಜೋಡಿಸಿ ಕೊಡಿ. ಓದಿಗಾಗಿಯೇ ಮಗುವನ್ನು ಬಿಡಬೇಕು ಅಂತಿದ್ದರೆ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇವೆ. ಅಲ್ಲಿ ಓದುವ ಮಗು ವಿದ್ಯಾರ್ಥಿ, ಹಬ್ಬಕ್ಕೆ ಊರಿಗೆ ಹೋಗಿ ಬರುತ್ತದೆ.

ನನ್ನನ್ನು ಕೇಳಿದರೆ ಇಂಥ ಒಂದು ಅರ್ಜಿ ತುಂಬಿಸಿದ್ದು ಹತ್ತು ಡ್ರಾಯಿಂಗ್ ಕ್ಲಾಸಿಗಿಂತ ದೊಡ್ಡ ಕೆಲಸ.

3. ಸರಿಯಾದ ಜಾಗ ಹುಡುಕಿ, ಅನುಮತಿ ತಗೊಳ್ಳಿ

ಇಂಥ ಯಾವ ಸಂಸ್ಥೆಯೇ ಆಗಲಿ, ಸರ್ಕಾರಿಯೋ ಖಾಸಗಿಯೋ ಟ್ರಸ್ಟಿನದೋ, ಬಾಲನ್ಯಾಯ ಕಾಯ್ದೆಯ ಕೆಳಗೆ ನೋಂದಣಿ ಆಗಿರಲೇಬೇಕು. ಆಗಿಲ್ಲದಿದ್ದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. 'ನಿಮ್ಮ ನೋಂದಣಿ ಪತ್ರ ತೋರಿಸ್ತೀರಾ' ಅಂತ ಕೇಳಲು ಸಂಕೋಚ ಬೇಡ.  ತೋರಿಸಲು ಹಿಂದೇಟು ಹಾಕಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ, ಅಲ್ಲಿ ಕ್ಲಾಸು ಶುರುಮಾಡಬೇಡಿ.

ಸರ್ಕಾರಿ ಬಾಲಮಂದಿರ ಆದರೆ ಮೊದಲು ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ನೀವು ಯಾರು, ಏನು ಮಾಡ್ತೀರಿ, ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು, ಎಷ್ಟು ತಿಂಗಳು, ಸಾಮಾನು ಯಾರದು. ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಶನ್ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಕೇಳದಿದ್ದರೆ ನೀವೇ ಕೊಡಿ. ಇದೇ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಆಟ, ಸಂಗೀತ, ಸಾಂಸ್ಕೃತಿಕ ಕಾರ್ಯಕ್ರಮ, ಲೈಬ್ರರಿ ಎಲ್ಲ ಮಕ್ಕಳಿಗೆ ಸಿಗಬೇಕು ಅಂತ ಇದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲೇ ಒಪ್ಪಿದೆ, ಅದರ 31ನೇ ವಿಧಿ ಆಟಕ್ಕೂ ಕಲೆಗೂ ಮಕ್ಕಳಿಗೆ ಹಕ್ಕಿದೆ ಅನ್ನುತ್ತದೆ. ಪತ್ರದಲ್ಲಿ ಇದನ್ನೂ ಒಂದು ಸಾಲು ಬರೆಯಿರಿ, ಕೆಲಸ ಸಲೀಸಾಗುತ್ತದೆ.

ಕನಿಷ್ಠ ಆರು ತಿಂಗಳು ಬರಲಾಗದಿದ್ದರೆ ಶುರುಮಾಡಲೇ ಬೇಡಿ. ಆ ದುಡ್ಡಿಗೆ ಒಳ್ಳೆಯ ಕಾಗದ, ಬಣ್ಣ ಕೊಡಿಸಿ.

4. ಸಾಮಾನು

ದುಬಾರಿ ಏನೂ ಬೇಡ. ಆಯಿಲ್ ಪೇಸ್ಟಲ್, ಪೋಸ್ಟರ್ ಕಲರ್, ದಪ್ಪ ಡ್ರಾಯಿಂಗ್ ಶೀಟು, ಗೋಂದು, ಮೊಂಡು ತುದಿಯ ಕತ್ತರಿ, ಜೇಡಿಮಣ್ಣು, ಹಳೇ ಸೀರೆ, ಪಂಚೆ. ತೆಳುವಾದ ಕಾಗದ ಮಾತ್ರ ತರಬೇಡಿ. ಮಕ್ಕಳು ಒತ್ತಿ ಬಣ್ಣ ಹಚ್ಚುತ್ತಾರೆ, ಕಾಗದ ಹರಿಯುತ್ತದೆ, ಅಲ್ಲಿಗೆ ಆ ದಿನದ ಉತ್ಸಾಹ ಮುಗೀತು.

ಮೊದಲ ಕೆಲವು ವಾರ ಪೆನ್ಸಿಲ್, ರಬ್ಬರ್ ಕೊಡಬೇಡಿ. ರಬ್ಬರ್ ಕೊಟ್ಟರೆ ಒಂದು ಗಂಟೆ ಅಳಿಸುವುದರಲ್ಲೇ ಹೋಗುತ್ತದೆ. ಒಬ್ಬ ಹುಡುಗ ಮನುಷ್ಯನ ಕಾಲು ಬರೆದು ಬರೆದು ಅಳಿಸಿ, ಆ ಜಾಗದಲ್ಲಿ ಕಾಗದ ತೂತು ಬಿದ್ದರೂ ಬಿಡದೆ ಉಜ್ಜುತ್ತಿದ್ದ. 'ಸರಿ ಬರ್ಲಿಲ್ಲ ಅಂದ್ರೆ ಬೈತೀರಾ?' ಅಂತ ಕೇಳಿದ. ಅವನ ಕೈಗೆ ಪೇಸ್ಟಲ್ ಕೊಟ್ಟ ಮೇಲೆ ಅಳಿಸುವ ದಾರಿಯೇ ಇರಲಿಲ್ಲ, ತಪ್ಪಾದ ಗೆರೆ ಹಾವಾಯಿತು, ಹಗ್ಗವಾಯಿತು, ನದಿಯಾಯಿತು.

ಪ್ರತಿ ಮಗುವಿಗೂ ಬೇರೆ ಬೇರೆ ಬಣ್ಣದ ಡಬ್ಬಿ, ಬೇರೆ ಪುಸ್ತಕ, ಅದರ ಮೇಲೆ ಅವರೇ ಬರೆದ ಹೆಸರು. ಇದು ಖರ್ಚಿನ ಬಾಬ್ತು ಅನ್ನಿಸಬಹುದು, ಆದರೆ ಇದರಲ್ಲಿ ಕೈ ಬಿಗಿ ಮಾಡಬೇಡಿ. ಬಾಲಮಂದಿರದಲ್ಲಿ ತಟ್ಟೆ ಎಲ್ಲರದು, ಚಾಪೆ ಎಲ್ಲರದು, ದಾನಕ್ಕೆ ಬಂದ ಬಟ್ಟೆಯೂ ಅಷ್ಟೇ. 'ಇದು ನನ್ನದು' ಅಂತ ಹೇಳೋಕೆ ಒಂದು ವಸ್ತು ಬೇಕು. ಮೊದಲ ದಿನಗಳಲ್ಲಿ ಬಣ್ಣದ ಕಡ್ಡಿಗಳು ಕಾಣೆಯಾಗುತ್ತವೆ, ಜೇಬಲ್ಲಿ, ಹಾಸಿಗೆ ಕೆಳಗೆ, ಕಾಲುಚೀಲದ ಒಳಗೆ. ಕಳ್ಳತನ ಅಂತ ಗದರಬೇಡಿ. ಮುಂದಿನ ವಾರವೂ ಬಣ್ಣ ಸಿಗುತ್ತದೆ ಅನ್ನೋ ನಂಬಿಕೆ ಬಂದ ಮೇಲೆ ಅದು ತಾನಾಗಿ ನಿಲ್ಲುತ್ತದೆ.

ಹೆಸರಿನ ವಿಷಯ ಬಂದಾಗ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅನ್ನೋ ಕಲಾವಿದೆಯನ್ನು ನೆನೆಯಲೇಬೇಕು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಎಂಬ ಊರಲ್ಲಿ, ಅಪ್ಪ ಅಮ್ಮಂದಿರಿಂದ ಬೇರೆ ಮಾಡಿ ಇಟ್ಟಿದ್ದ ಮಕ್ಕಳಿಗೆ ಅವರು ಚಿತ್ರ ಕಲಿಸುತ್ತಿದ್ದರು. ಮಕ್ಕಳಿಂದ ಚಿತ್ರಕ್ಕೆ ಅವರ ಹೆಸರನ್ನೇ ಹಾಕಿಸುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ಅವರನ್ನು ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಹೊರಡುವ ಮುಂಚೆ ಅವರು ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಿದ್ದರು. ಆ ಮಕ್ಕಳಲ್ಲಿ ಬಹಳಷ್ಟು ಜನ ಉಳಿಯಲಿಲ್ಲ, ಅವರ ಹೆಸರು ಈಗಲೂ ಆ ಹಾಳೆಗಳ ಮೇಲಿದೆ. ನಮ್ಮ ಮಕ್ಕಳ ಸ್ಥಿತಿ ಅದಲ್ಲ, ಹೋಲಿಸುತ್ತಲೂ ಇಲ್ಲ. ಆದರೆ ಕಷ್ಟದಲ್ಲಿರುವ ಮಕ್ಕಳ ಜೊತೆ ಬಣ್ಣ ಹಿಡಿದು ಕೂರುವ ಯಾರೇ ಆಗಲಿ ಆ ಟೀಚರನ್ನು ತಿಳಿದಿರಬೇಕು ಅನ್ನೋದು ನನ್ನ ಆಸೆ.

5. ಮೊದಲ ವಾರಗಳು

ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ಶುರುವಿಗೊಂದು ಹಾಡು, ಮುಗಿಸೋಕೆ ಒಂದು ಹಾಡು, ಪ್ರತಿ ವಾರ ಅದೇ ಹಾಡು. ಮುಂದೇನಾಗುತ್ತೆ ಅಂತ ಗೊತ್ತಿಲ್ಲದೆ ಬೆಳೆದ ಮಗುವಿಗೆ, ಮುಂದೇನು ಅಂತ ಗೊತ್ತಿರೋದೇ ದೊಡ್ಡ ಸಮಾಧಾನ. ನೀವು ಬರಲಾಗದ ವಾರ ಫೋನ್ ಮಾಡಿ, ಮಕ್ಕಳಿಗೆ ತಿಳಿಸಿ ಅಂತ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೌಸ್ ಮದರ್‌ಗೆ ಹೇಳಿ.

'ನಿಮ್ಮ ಅಪ್ಪ ಅಮ್ಮನ ಚಿತ್ರ ಬರೀರಿ' ಅಂತ ಮೊದಲ ದಿನವೇ ಹೇಳಬೇಡಿ. 'ನಿನ್ನ ಊರು ಯಾವ್ದು, ಇಲ್ಲಿಗೆ ಯಾಕೆ ಬಂದೆ' ಅಂತಲೂ ಕೇಳಬೇಡಿ. ಆ ಪ್ರಶ್ನೆಗೆ ಅವರು ಪೊಲೀಸರಿಗೆ, ಸಮಿತಿಗೆ, ಸಮಾಲೋಚಕರಿಗೆ, ಕೇಕ್ ತಂದವರಿಗೆ ಉತ್ತರ ಹೇಳಿ ಹೇಳಿ ಬೇಸತ್ತಿದ್ದಾರೆ. ಅವರೆದುರು 'ಅನಾಥ', 'ಪಾಪ' ಅನ್ನೋ ಮಾತು ಬೇಡವೇ ಬೇಡ.

ಬದಲಿಗೆ ಆರಿಸುವ ಅವಕಾಶ ಕೊಡಿ. ಕೆಂಪು ಬೇಕಾ ನೀಲಿ ಬೇಕಾ, ದೊಡ್ಡ ಹಾಳೆಯಾ ಸಣ್ಣದಾ, ನೆಲದ ಮೇಲೆ ಕೂರ್ತೀಯಾ ಕಿಟಕಿ ಹತ್ತಿರವಾ, ಇವತ್ತು ಬರೀತೀಯಾ ಸುಮ್ನೆ ನೋಡ್ತಾ ಕೂರ್ತೀಯಾ. ಏಳೋದು, ತಿನ್ನೋದು, ಮಲಗೋದು ಎಲ್ಲ ಗಂಟೆ ಬಾರಿಸಿದಂತೆ ನಡೆಯುವ ಕಡೆ, ಯಾವ ಮನೆಯಲ್ಲಿರಬೇಕು ಅನ್ನೋದನ್ನೂ ಬೇರೆಯವರೇ ತೀರ್ಮಾನಿಸುವ ಕಡೆ, ಹಾಳೆಯ ಮೇಲೆ ಏನಿರಬೇಕು ಅಂತ ಆ ಮಗು ಒಬ್ಬಳೇ ತೀರ್ಮಾನ ಮಾಡುತ್ತಾಳೆ. ಕಲೆ ಮಾಡುವ ಮೊದಲ ಉಪಕಾರ ಇದು. ಚೆನ್ನಾಗಿರೋ ಚಿತ್ರ ಬರೋದು ಆಮೇಲೆ ಬಂದರೆ ಬರಲಿ.

ಹತ್ತು ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಒಂದು ಗುಂಪಿಗೆ ಬೇಡ. ಪ್ರತಿ ಮಗುವಿನ ಪಕ್ಕ ಎರಡು ನಿಮಿಷ ಕೂತು ಅವಳ ಹಾಳೆಯನ್ನು ಮಾತ್ರ ನೋಡಿ. 'ಚೆನ್ನಾಗಿದೆ' ಅನ್ನೋದಕ್ಕಿಂತ 'ಈ ಹಸುರಿನ ಮೇಲೆ ಹಳದಿ ಹಚ್ಚಿದೀಯ, ಇದು ಏನು?' ಅಂತ ಕೇಳಿ. ಉತ್ತರ ಬರದಿದ್ದರೆ ಮುಂದೆ ಸಾಗಿ.

6. ಏನು ಮಾಡಿಸೋದು

ನನ್ನ ಅನುಭವದಲ್ಲಿ ಚೆನ್ನಾಗಿ ಕೆಲಸಕ್ಕೆ ಬಂದದ್ದು ಇವು.

ನಕ್ಷೆ. 'ನಿಂಗೆ ಚೆನ್ನಾಗಿ ಗೊತ್ತಿರೋ ಒಂದು ಜಾಗದ ನಕ್ಷೆ ಬರಿ' ಅಂತ ಅಷ್ಟೇ ಹೇಳಿ. ಊರು ಅಂತ ಹೇಳಬೇಡಿ. ಮಾತೇ ಆಡದ ಒಬ್ಬ ಹುಡುಗ ಒಂದು ಗುಡ್ಡ, ಗುಡ್ಡಕ್ಕೆ ಮೆಟ್ಟಿಲು, ಕೆಳಗೆ ರಥ, ರಥದ ಪಕ್ಕ ಒಂದು ದೊಡ್ಡ ನೀರಿನ ಟ್ಯಾಂಕು, ಟ್ಯಾಂಕಿನ ಕಾಲುಗಳ ನಡುವೆ ಬಸ್ಸು ತಿರುಗೋ ಜಾಗ ಬರೆದ. ಟ್ಯಾಂಕಿನ ಮೇಲಿನ ಏಣಿಯ ಮೆಟ್ಟಿಲನ್ನೂ ಬಿಡಲಿಲ್ಲ. ಮಕ್ಕಳು ಊರಿನ ಹೆಸರು ಮರೆತಿರಬಹುದು, ತಪ್ಪು ಹೇಳಬಹುದು, ಆದರೆ ಗುಡ್ಡ ಯಾವ ಕಡೆ ಇತ್ತು ಅನ್ನೋದು ಅವರ ಕಣ್ಣಲ್ಲಿರುತ್ತದೆ. ಇಂಥ ನಕ್ಷೆಯನ್ನು ಮಗುವಿಗೆ ಹೇಳಿ, ಅವನ ಒಪ್ಪಿಗೆ ಪಡೆದು, ಅಲ್ಲಿನ ಆಪ್ತ ಸಮಾಲೋಚಕರಿಗೆ ತೋರಿಸಿ. ಮನೆ ಹುಡುಕುವ ಕೆಲಸ ಅವರದು, ಅದಕ್ಕೆ ಬೇಕಾದ ವಿವರ ಇದರಲ್ಲಿ ಸಿಗಬಹುದು.

ಕೌದಿ. ಉತ್ತರ ಕರ್ನಾಟಕದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಜ್ಜಿ ಹಳೇ ಸೀರೆ, ಧೋತರದ ತುಂಡು ಜೋಡಿಸಿ ಹೊಲಿಯೋದನ್ನು ನೋಡಿಯೇ ಬೆಳೆದವರು. ಪ್ರತಿಯೊಬ್ಬರಿಗೂ ಒಂದು ಗೇಣು ಚೌಕದ ಬಟ್ಟೆ ಕೊಡಿ, ಅದರ ಮೇಲೆ ಅವರಿಗೆ ಬೇಕಾದ್ದು ಹೊಲಿಯಲಿ, ಕೊನೆಗೆ ಎಲ್ಲ ಸೇರಿಸಿ ಒಂದು ಕೌದಿ. ಸಾಲು ಹೊಲಿಗೆ ಹಾಕುತ್ತಾ ಕೂತಾಗ ಕೈ ಓಡುತ್ತಿರುತ್ತದೆ, ಕಣ್ಣು ಕೆಳಗಿರುತ್ತದೆ, ಆಗ ಮಕ್ಕಳು ಮಾತಾಡುತ್ತಾರೆ. ಎದುರೆದುರು ಕುರ್ಚಿ ಹಾಕಿಕೊಂಡು ಕೇಳಿದರೆ ಬಾಯಿ ಬಿಡದವರೂ ಇಲ್ಲಿ ಅಜ್ಜಿಯ ಅಡುಗೆ, ಮನೆಯ ನಾಯಿ, ತಮ್ಮನ ಕಿತಾಪತಿ ಎಲ್ಲ ಹೇಳುತ್ತಾರೆ. ಸೂಜಿಗಳನ್ನು ಮಾತ್ರ ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ಳಿ. ಹುಡುಗರೂ ಹೊಲಿಯಲಿ.

ಮಲೆನಾಡಿನ ಕಡೆ ಇದ್ದರೆ ದೀವರ ಚಿತ್ತಾರ, ಅಂದರೆ ದೀವರು ಸಮುದಾಯದ ಹೆಂಗಸರು ಮನೆಯ ಗೋಡೆಗೆ ಬರೆಯುವ ಚಿತ್ರ, ಮಾಡಿಸಿ. ಕೆಮ್ಮಣ್ಣು ಬಳಿದ ರಟ್ಟಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅಳತೆ ಹಿಡಿದು ಒಂದೇ ಸಮ ಗೆರೆ ಎಳೆಯುವ ಕೆಲಸ, ತುಂಬಾ ಚಡಪಡಿಸುವ ಮಕ್ಕಳೂ ಅರ್ಧ ಗಂಟೆ ಅಲ್ಲಾಡದೆ ಕೂರುತ್ತಾರೆ. ಸಾಗರ, ಸೊರಬದ ಹಳ್ಳಿಗಳಲ್ಲಿ ಈಗಲೂ ಇದನ್ನು ಬರೆಯುವ ಹೆಂಗಸರಿದ್ದಾರೆ, ಅವರನ್ನೇ ಕರೆಸಿ, ಗೌರವಧನ ಕೊಡಿ.

ಗೊಂಬೆ, ಮುಖವಾಡ. ತಾನು ಹೇಳಲಾಗದ್ದನ್ನು ಗೊಂಬೆ ಹೇಳುತ್ತದೆ. ಕನ್ನಡ ಬಾರದ ಮಗುವಿಗಂತೂ ಇದು ದೊಡ್ಡ ದಾರಿ, ಗೊಂಬೆಗೆ ಯಾವ ಭಾಷೆಯಾದರೂ ನಡೆಯುತ್ತದೆ. ಮಣ್ಣು ಕೋಪ ಇರೋ ಮಕ್ಕಳಿಗೆ ಒಳ್ಳೆಯದು. ಹಿಸುಕಿ, ಗುದ್ದಿ, ಮತ್ತೆ ಉಂಡೆ ಮಾಡಿದರೆ ಏನೂ ಹಾಳಾಗಲ್ಲ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ಮಗುವಿಗೂ 'ನನ್ನ ಪುಸ್ತಕ'. ಇಲ್ಲಿನ ಮಕ್ಕಳು ಆಗಾಗ ಜಾಗ ಬದಲಾಯಿಸುತ್ತಾರೆ. ಆರು ವರ್ಷ ತುಂಬಿದರೆ ಶಿಶುಮಂದಿರದಿಂದ ಬಾಲಮಂದಿರಕ್ಕೆ, ಹುಡುಗರದೇ ಬೇರೆ ಹುಡುಗಿಯರದೇ ಬೇರೆ ಅಂತ ಅಕ್ಕ ಒಂದು ಕಡೆ ತಮ್ಮ ಒಂದು ಕಡೆ, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ. ಪ್ರತಿ ಸಲವೂ ಹಿಂದಿನ ಜಾಗದ ನೆನಪು ಒಂದಷ್ಟು ಉದುರಿಹೋಗುತ್ತದೆ. ಅಪ್ಪ ಅಮ್ಮನ ಜೊತೆ ಬೆಳೆದವರಿಗೆ 'ನೀನು ಚಿಕ್ಕವನಿದ್ದಾಗ ಹೀಗೆ ಮಾಡಿದ್ದೆ' ಅಂತ ಹೇಳೋಕೆ ಜನ ಇರುತ್ತಾರೆ, ಅಲ್ವಾ? ಈ ಮಕ್ಕಳಿಗೆ ಅದನ್ನು ಹೇಳೋರು ಯಾರು? ಅದಕ್ಕೇ ಈ ಪುಸ್ತಕ. ಬಿದ್ದ ಹಲ್ಲಿನ ಚಿತ್ರ, ಅಳತೆಗೆ ಇಟ್ಟ ಕೈಯ ಗೆರೆ, ಗೆಳೆಯರ ಹೆಸರು, ಇಷ್ಟದ ತಿಂಡಿ, ತಮ್ಮನಿಗೆ ಬರೆದ ಪತ್ರ, ಅಮ್ಮ ಭೇಟಿಗೆ ಬಂದ ದಿನ ಉಟ್ಟಿದ್ದ ಸೀರೆಯ ಬಣ್ಣ. ಮಗುವಿಗೆ ಇಷ್ಟ ಬಂದದ್ದು ಮಾತ್ರ. ಓದೋಕೆ ಅವಳ ಅನುಮತಿ ಬೇಕು, ನಿಮಗೂ, ಸೂಪರಿಂಟೆಂಡೆಂಟರಿಗೂ.

7. ಚಿತ್ರ ನೋಡಿ ಮನಸ್ಸು ಓದಲು ಹೋಗಬೇಡಿ

ಕಪ್ಪು ಹಚ್ಚಿದರೆ ದುಃಖ, ಬಾಗಿಲಿಲ್ಲದ ಮನೆ ಬರೆದರೆ ಭಯ, ಕೈಯಿಲ್ಲದ ಮನುಷ್ಯ ಅಂದರೆ ಇನ್ನೇನೋ ಅಂತ ಮೊಬೈಲಲ್ಲಿ ಬೇಕಾದಷ್ಟು ಓಡಾಡುತ್ತಿದೆ. ನಂಬಬೇಡಿ. ಕಪ್ಪು ಹಚ್ಚಿದ್ದಕ್ಕೆ ಕಾರಣ ನೀಲಿ ಖಾಲಿಯಾಗಿದ್ದೂ ಇರಬಹುದು. ನೀವು ಕಲಾ ಚಿಕಿತ್ಸಕರಲ್ಲ, ಅದಕ್ಕೆ ಬೇರೆಯೇ ಓದು, ತರಬೇತಿ ಬೇಕು. ನಿಮ್ಮದು ಜೊತೆಯಲ್ಲಿ ಕೂತು ಬರೆಯುವ ಕೆಲಸ. ನಾಲ್ಕಾರು ವಾರ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತಿದೆ, ಮಗು ಊಟ ಬಿಟ್ಟಿದೆ, ತಾನೇ ಗಾಯ ಮಾಡಿಕೊಳ್ಳುತ್ತಿದೆ ಅನ್ನಿಸಿದರೆ ಕಂಡದ್ದನ್ನು ಕಂಡ ಹಾಗೆ ಸಮಾಲೋಚಕರಿಗೆ ಹೇಳಿ. ಅರ್ಥ ಅವರು ಹುಡುಕಲಿ.

ಆದರೆ ಮಗು ಬಾಯಿಬಿಟ್ಟು ಹೇಳಿದಾಗ ವಿಷಯವೇ ಬೇರೆ. ಯಾರೋ ಹೊಡೆಯುತ್ತಾರೆ, ಎಲ್ಲೋ ಮುಟ್ಟುತ್ತಾರೆ ಅಂತ ಹೇಳಿದರೆ ಹೀಗೆ ಮಾಡಿ. ಕೈಲಿರೋ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳಿ. ಗಾಬರಿ ಮುಖಕ್ಕೆ ತರಬೇಡಿ. 'ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ' ಅನ್ನಿ. ಕೆದಕಿ ಕೆದಕಿ ಪ್ರಶ್ನೆ ಹಾಕಬೇಡಿ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಲೇಬೇಡಿ, 'ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ' ಅನ್ನಿ. ಮಗುವಿನ ಮಾತನ್ನು ಅದೇ ಮಾತಲ್ಲಿ ಅವತ್ತೇ ಬರೆದಿಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಪೊಲೀಸ್ ಠಾಣೆಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ. ಆರೋಪ ಸಂಸ್ಥೆಯ ಒಳಗಿನವರ ಮೇಲೇ ಇದ್ದರೆ ಅಲ್ಲಿನವರಿಗೆ ಮೊದಲು ಹೇಳಲು ಹೋಗಬೇಡಿ.

8. ಫೋಟೊ, ಸ್ಪರ್ಧೆ, ಪ್ರದರ್ಶನ

ಮಕ್ಕಳ ಮುಖ ಕಾಣೋ ಫೋಟೊ ತೆಗೆಯಬೇಡಿ, ಸ್ಟೇಟಸ್‌ಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಗುರುತು ಹೊರಗೆ ಹಾಕಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಹೆಸರು, ಶಾಲೆ, ವಿಳಾಸ ಎಲ್ಲವೂ ಗುರುತೇ. ಹಿಂದಿನಿಂದ ತೆಗೆದ ಫೋಟೊದಲ್ಲಿ ಶಾಲೆಯ ಯೂನಿಫಾರ್ಮ್ ಕಾಣುತ್ತಿದ್ದರೆ ಅದೂ ಬೇಡ.

ಸ್ಪರ್ಧೆ, ಬಹುಮಾನ ನನಗೆ ಸುತರಾಂ ಇಷ್ಟವಿಲ್ಲ. ಒಬ್ಬರಿಗೆ ಕಪ್ ಕೊಟ್ಟರೆ ಉಳಿದವರಿಗೆ ಮತ್ತೊಮ್ಮೆ 'ನೀನು ಬೇಡ' ಅಂತ ಹೇಳಿದ ಹಾಗಾಗುತ್ತದೆ, ಆ ಮಾತು ಅವರು ಸಾಕಷ್ಟು ಕೇಳಿದ್ದಾರೆ.

ಪ್ರದರ್ಶನ ಮಾಡಬಹುದು, ಆದರೆ ಬಾಲಮಂದಿರದ ಒಳಗೆ ಮಾಡಿ. ಅಡುಗೆಯವರು, ಆಯಾ, ವಾಚ್‌ಮನ್, ಭೇಟಿಗೆ ಬಂದ ಅಮ್ಮಂದಿರು ನೋಡಲಿ. ಯಾವ ಚಿತ್ರ ಗೋಡೆಗೆ ಬರಬೇಕು ಅಂತ ಮಗುವೇ ಹೇಳಲಿ. ಹೊರಗೆ ಮಾರೋದಾದರೆ ಮಕ್ಕಳ ಕಲ್ಯಾಣ ಸಮಿತಿಗೆ ಗೊತ್ತಿರಬೇಕು, ದುಡ್ಡು ಆ ಮಗುವಿನ ಹೆಸರಿನ ಖಾತೆಗೆ ಹೋಗಬೇಕು.

ಅಲ್ಲಿನ ಸಿಬ್ಬಂದಿಯನ್ನೂ ಕೂರಿಸಿಕೊಳ್ಳಿ. ರಾತ್ರಿ ಮಗು ಎದ್ದು ಅತ್ತಾಗ ಇರೋದು ಅವರು. ಒಬ್ಬ ಆಯಾಗೆ ರಂಗೋಲಿ ಚೆನ್ನಾಗಿ ಬರುತ್ತದೆ ಅಂತ ಗೊತ್ತಾದರೆ ಆ ವಾರದ ಟೀಚರ್ ಅವರೇ ಆಗಲಿ, ನೀವು ಮಕ್ಕಳ ಸಾಲಲ್ಲಿ ಕೂತು ಚುಕ್ಕಿ ಇಡಿ. ಆಮೇಲೆ ನೀವು ಇಲ್ಲದ ದಿನವೂ ಅಂಗಳದಲ್ಲಿ ರಂಗೋಲಿ ನಡೆಯುತ್ತದೆ.

9. ನಿಲ್ಲಿಸುವಾಗ

ಕೆಲಸ ಬದಲಾಗುತ್ತದೆ, ಮದುವೆಯಾಗುತ್ತದೆ, ಊರು ಬಿಡಬೇಕಾಗುತ್ತದೆ. ತಪ್ಪೇನಿಲ್ಲ. ಆದರೆ ಹೇಳದೆ ಹೋಗಬೇಡಿ. ಕನಿಷ್ಠ ಒಂದು ತಿಂಗಳು ಮುಂಚೆ ಹೇಳಿ, ಗೋಡೆ ಮೇಲೆ ಕ್ಯಾಲೆಂಡರ್ ಹಾಕಿ, ಎಷ್ಟು ವಾರ ಉಳಿದಿದೆ ಅಂತ ಮಕ್ಕಳೇ ಗುರುತು ಹಾಕಲಿ. 'ಮತ್ತೆ ಬರ್ತೀನಿ' ಅಂತ ಖಚಿತ ಇಲ್ಲದ ಮಾತು ಆಡಬೇಡಿ. ಕೆಲವರು ಕೊನೆಯ ವಾರಗಳಲ್ಲಿ ಮುನಿಸಿಕೊಳ್ಳುತ್ತಾರೆ, ಚಿತ್ರ ಹರಿದುಹಾಕುತ್ತಾರೆ, ನೀವು ಅಂದರೆ ಇಷ್ಟವೇ ಇಲ್ಲ ಅನ್ನುತ್ತಾರೆ. ಬೇಜಾರು ಮಾಡಿಕೊಳ್ಳದೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಹಾಡಿನಿಂದ ಕ್ಲಾಸು ಶುರುಮಾಡಿ.

ಮಗು ಮನೆಗೆ ಹೊರಟರೆ, ದತ್ತು ಹೋದರೆ, ಬೇರೆ ಜಿಲ್ಲೆಗೆ ವರ್ಗವಾದರೆ, 18 ತುಂಬಿ ಹೊರಗೆ ಕಾಲಿಟ್ಟರೆ ಅವಳ ಪುಸ್ತಕ ಅವಳ ಜೊತೆಗೇ ಹೋಗಬೇಕು. ಕಚೇರಿಯ ಬೀರುವಿನಲ್ಲಿ ಉಳಿಯಬಾರದು. ಇದನ್ನು ಸೂಪರಿಂಟೆಂಡೆಂಟರಿಗೆ ಮೊದಲೇ ಪತ್ರದಲ್ಲಿ ಬರೆದು ಕೊಟ್ಟು, ಮಗುವಿನ ಸಾಮಾನಿನ ಪಟ್ಟಿಯಲ್ಲಿ ಬಟ್ಟೆ, ಮಾರ್ಕ್ಸ್ ಕಾರ್ಡ್, ಆಧಾರ್ ಜೊತೆ 'ಚಿತ್ರದ ಪುಸ್ತಕ 1' ಅಂತ ಸೇರಿಸಿಬಿಡಿ.